ಇಬ್ಬರು ನಾಯಕರು 22ನೇ ಪುಟಕ್ಕೇ ರಾಜಿಯಾಗುತ್ತಾರೆ, ನಾಟಕ ಅಲ್ಲಿಗೇ ಕೂತುಬಿಡುತ್ತದೆ: ಪರಿಹಾರ ಬೇಕು

ತೆರೆಮರೆ: ಎಲ್ಲರಿಗೂ ನಮಸ್ಕಾರ. ಮುಂಬಯಿಯಲ್ಲಿ ನಡೆಯುವ ಪತ್ತೇದಾರಿ ನಾಟಕ, 75 ನಿಮಿಷ, ಆರು ಪಾತ್ರ. ವಸಂತ, ಕರುಣಾಕರ ಇಬ್ಬರೂ ಒಂದು ಕಾಲಕ್ಕೆ ಒಂದೇ ತಂಡದಲ್ಲಿ ನಾಯಕನ ಪಾತ್ರಕ್ಕೆ ಕಿತ್ತಾಡಿದವರು. ವಸಂತ ಪೋರ್ಟ್ ಟ್ರಸ್ಟಿನಿಂದ ನಿವೃತ್ತ, ಕರುಣಾಕರ ಆಸ್ಪತ್ರೆಯ ಲ್ಯಾಬಿನಲ್ಲಿದ್ದವನು. ಬೇರೆ ಬೇರೆ ವರ್ಷಗಳಲ್ಲಿ ಇಬ್ಬರೂ ನಳಿನಿಯನ್ನು ಪ್ರೀತಿಸಿದ್ದರು. ಅವಳು ಫೋರ್ಟಿನ ಕನ್ನಡ ರಾತ್ರಿಶಾಲೆಯ ಟೀಚರ್.

2025ರ ಜನವರಿ 14, ಸಂಕ್ರಾಂತಿ ಬೆಳಿಗ್ಗೆ ಆರೂವರೆಗೆ ಮಾಹಿಮ್ ದಂಡೆಯಲ್ಲಿ ಅವಳ ಶವ ಬೋರಲಾಗಿ ಸಿಗುತ್ತದೆ. ಐದೂವರೆಗೆ ವಾಕಿಂಗ್ ಬಂದವಳು ಕಟ್ಟೆಯಿಂದ ಜಾರಿ ನೀರಿಗೆ ಬಿದ್ದಳು ಎಂಬ ಅಂದಾಜು. ಹಿಂದಿನ ರಾತ್ರಿ ಹತ್ತಕ್ಕೆ ಅವಳ ಜೊತೆ ಮಾತಾಡಿದೆ ಎನ್ನುವವನು ಅವಳ ಟ್ಯೂಷನ್ ಕ್ಲಾಸಿನ ಪಾಲುದಾರ. ಅವನೇ ಅಪರಾಧಿ.

ತೊಂದರೆ: ಶವಾಗಾರದ ಬಾಗಿಲಲ್ಲೇ ಇಬ್ಬರೂ ಅತ್ತು ಒಂದಾಗುತ್ತಾರೆ, ಆಮೇಲೆ ಎಳೆತವೇ ಇಲ್ಲ. ಓದಿದಾಗ ಎಲ್ಲರೂ ಕೇಳಿದ್ದು "ಪೊಲೀಸರು ಎಲ್ಲಿ ಹೋದರು?" ಎಂದು. ಸದ್ಯಕ್ಕೆ ಸುಳಿವುಗಳು ಎರಡು. ಅಂಗೈ ಸುಕ್ಕುಗಟ್ಟಿದ್ದು, ಮತ್ತು ವಸಂತ ಪರಿಚಯದವರಿಂದ ತರಿಸಿಕೊಂಡ ಫೋನ್ ಕರೆಗಳ ಪಟ್ಟಿ.

ಪಂಚನಾಮೆ: ಪೊಲೀಸರ ಪ್ರಶ್ನೆ ಮೊದಲು ಬಗೆಹರಿಸಿಕೊಳ್ಳಿ. 2024ರ ಜುಲೈ 1ರಿಂದ ಇಂಥ ಸಾವು ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿಗೆ ಬರುತ್ತದೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 174ರ ಜಾಗದಲ್ಲಿ. ಮುಂಬಯಿ ಠಾಣೆಗಳಲ್ಲಿ ಆಡುವ ಮಾತು "ಎಡಿಆರ್", ಅಂದರೆ ಆಕಸ್ಮಿಕ ಸಾವಿನ ವರದಿ. ಅದು ಎಫ್‌ಐಆರ್ ಅಲ್ಲ. ಸಾವಿನ ಕಾರಣ ಹುಡುಕುವ ವಿಚಾರಣೆ ಅಷ್ಟೇ, ಆರೋಪಿ ಎಂಬುವನೇ ಇನ್ನೂ ಇರುವುದಿಲ್ಲ. ಆಸುಪಾಸಿನ ಇಬ್ಬರು ಗೌರವಸ್ಥರ ಎದುರು ಪಂಚನಾಮೆ, ಆಮೇಲೆ ಪಿಎಂ (ಮರಣೋತ್ತರ ಪರೀಕ್ಷೆ), ಆಂತರಿಕ ಅಂಗಗಳು ಕಲೀನಾದ ಫೊರೆನ್ಸಿಕ್ ಲ್ಯಾಬಿಗೆ. ಅಲ್ಲಿಂದ ವರದಿ ಬರುವ ತನಕ ವೈದ್ಯರು ಅಭಿಪ್ರಾಯ ಕಾದಿರಿಸಿದರೆ ಕಡತ ಆ ಎಡಿಆರ್‌ನಲ್ಲೇ ನಿಂತಿರುತ್ತದೆ. ನಿಮ್ಮ ನಾಟಕಕ್ಕೆ ಸಿಗುವ ಕಾಲ ಆ ಕೆಲವು ವಾರಗಳೇ. ಪೊಲೀಸರನ್ನು ದಡ್ಡರನ್ನಾಗಿಯೋ ಲಂಚಕೋರರನ್ನಾಗಿಯೋ ಮಾಡುವ ಅಗತ್ಯವಿಲ್ಲ. ಅವರು ಕಾಯುತ್ತಿದ್ದಾರೆ, ಇವರಿಬ್ಬರಿಗೆ ಕಾಯಲಾಗುತ್ತಿಲ್ಲ.

ಕರೆಗಳ ಪಟ್ಟಿ ತೆಗೆದುಹಾಕಿ. ಖಾಸಗಿಯವರು ಅದನ್ನು ತರಿಸಿಕೊಳ್ಳುವುದೇ ಅಪರಾಧ. 2018ರಲ್ಲಿ ಠಾಣೆ ನಗರದಲ್ಲಿ ಈ ವಿಷಯಕ್ಕೇ ಖಾಸಗಿ ಪತ್ತೇದಾರರ ಬಂಧನವಾಗಿತ್ತು. ನಾಯಕ ಅಪರಾಧ ಮಾಡಬಾರದೆಂದಲ್ಲ. ಆದರೆ ಮಾಡಿದರೆ ಅದರ ಪರಿಣಾಮಕ್ಕೂ ಹತ್ತು ನಿಮಿಷ ಬೇಕು, ನಿಮ್ಮ 75ರಲ್ಲಿ ಅದಕ್ಕೆ ಜಾಗವಿಲ್ಲ.

ಇನ್ನೊಂದು: ಪಿಎಂ ವರದಿಯ ಪ್ರತಿ ಕೇಳಬಲ್ಲವರು ಹತ್ತಿರದ ಸಂಬಂಧಿಗಳು. ಹಳೆಯ ಪ್ರಿಯಕರನಿಗೆ ಯಾವ ಹಕ್ಕೂ ಇಲ್ಲ. ನಳಿನಿಗೊಬ್ಬ ತಂಗಿ ಬೇಕು, ಅವಳು ಇಬ್ಬರಲ್ಲಿ ಒಬ್ಬನನ್ನು ಮಾತ್ರ ನಂಬಬೇಕು.

ಕಡಲಬದಿ: ತೆರೆಮರೆಯವರೇ, ನಿಮಗೆ ಗೊತ್ತಿಲ್ಲದೆಯೇ ಒಳ್ಳೆಯ ದಿನ ಹಿಡಿದಿದ್ದೀರಿ ಮಾರಾಯ್ರೆ. ಜನವರಿ 13 ಬನದ ಹುಣ್ಣಿಮೆ. ಹುಣ್ಣಿಮೆ, ಅಮಾವಾಸ್ಯೆಗೆ ಮುಂಬಯಿಯಲ್ಲಿ ಪೂರ್ಣ ಉಬ್ಬರ ನಡುಹಗಲು ಮತ್ತು ನಡುರಾತ್ರಿ ಹನ್ನೆರಡರ ಆಸುಪಾಸು, ಪೂರ್ಣ ಇಳಿತ ಬೆಳಿಗ್ಗೆ ಸಂಜೆ ಆರರ ಆಸುಪಾಸು. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಐದೂವರೆಗೆ ಕಟ್ಟೆಯಿಂದ ಜಾರಿದವಳು ಬೀಳುವುದು ಮರಳಿಗೆ, ಕೆಸರಿಗೆ. ಮುಳುಗುವಷ್ಟು ನೀರು ಅಲ್ಲಿರುವುದಿಲ್ಲ. ಪೋರ್ಟ್ ಟ್ರಸ್ಟಿನವನಿಗೆ ಇದು ಪಂಚಾಂಗ ನೋಡಿದರೆ ಸಾಕು.

ಶವ ಸಿಕ್ಕ ಜಾಗವನ್ನು ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುಮಧ್ಯೆ, ಸ್ವಲ್ಪ ಮೇಲಕ್ಕೆ ಇಡಿ. ಅಲ್ಲಿ ನೀರಿರುವುದು ರಾತ್ರಿ ಒಂಬತ್ತೂವರೆಯಿಂದ ಎರಡೂವರೆ ತನಕ ಮಾತ್ರ. ಶವದ ಸುತ್ತ ಮರಳು ಸಪಾಟು, ಹೆಜ್ಜೆಗುರುತೇ ಇರಲಿಲ್ಲ ಎಂದು ಪಂಚನಾಮೆಯಲ್ಲಿ ಬರಲಿ. ಅಂದರೆ ನೀರು ಸರಿಯುವ ಮುಂಚೆಯೇ ಅವಳು ಅಲ್ಲಿದ್ದಳು. ಮಿಠಿ ನದಿಯ ಬಾಯಿಯ ಹತ್ತಿರ ಮಾತ್ರ ಇಡಬೇಡಿ, ಇಳಿತದ ಸೆಳೆತ ಅಲ್ಲಿ ಜೋರು. ಶಿವಾಜಿ ಪಾರ್ಕ್ ಕಡೆಗೆ ಸರಿಸಿ. ಆಗತಾನೇ ಸತ್ತ ದೇಹ ಸಾಧಾರಣವಾಗಿ ತೇಲುವುದಿಲ್ಲ, ತಳ ಹಿಡಿಯುತ್ತದೆ. ಕೊಳೆತು ಗಾಳಿ ತುಂಬಿದ ಮೇಲೆ ತೇಲುವುದು. ಹಾಗಾಗಿ ಆಳವಿಲ್ಲದ ಕಡೆ ಹಾಕಿದಲ್ಲೇ ಉಳಿಯುವುದು ನಂಬುವ ಮಾತೇ.

ಸೂಕ್ಷ್ಮದರ್ಶಿ: ಅಂಗೈ ಸುಕ್ಕಿನ ಸುಳಿವು ತಪ್ಪು. ಸತ್ತ ಮೇಲೆ ನೀರಿಗೆ ಹಾಕಿದರೂ ಚರ್ಮ ಸುಕ್ಕುಗಟ್ಟುತ್ತದೆ. ನೀರಿನಲ್ಲಿತ್ತು ಎನ್ನುವುದಕ್ಕಷ್ಟೇ ಅದು ಸಾಕ್ಷಿ.

ಕರುಣಾಕರನ ಕೈಗೆ ಕೊಡಬೇಕಾದದ್ದು ಬೇರೆ. ಸತ್ತ ಮೇಲೆ ರಕ್ತ ದೇಹದ ಕೆಳಭಾಗಕ್ಕಿಳಿದು ನೀಲಿಗೆಂಪು ಕಲೆ ಮೂಡುತ್ತದೆ, ಪಿಎಂ ವರದಿಯಲ್ಲಿ ಅದು "ಲಿವಿಡಿಟಿ". ನಮ್ಮ ಹವೆಯಲ್ಲಿ ಆರರಿಂದ ಎಂಟು ಗಂಟೆಯಲ್ಲಿ ಅದು ಗಟ್ಟಿಯಾಗುತ್ತದೆ, ಆಮೇಲೆ ದೇಹ ಮಗುಚಿದರೂ ಜಾಗ ಬದಲಿಸುವುದಿಲ್ಲ. ನಳಿನಿ ಸಿಕ್ಕಿದ್ದು ಬೋರಲಾಗಿ. ಕಲೆ ಬೆನ್ನಿನ ಮೇಲೆ ಗಟ್ಟಿಯಾಗಿದೆ ಎಂದು ವರದಿ ಹೇಳಿದರೆ, ಅದಕ್ಕೂ ಮುಂಚೆ ಅವಳ ದೇಹ ಬೇರೆಲ್ಲೋ ಅಂಗಾತ ಬಿದ್ದಿತ್ತು. ಇದನ್ನು ವೈದ್ಯರೂ ನೋಡುತ್ತಾರೆ, ಬರೆಯುತ್ತಾರೆ. ಐದೂವರೆಯ ಕಥೆಯನ್ನು ಪೊಲೀಸರೇ ನಾಲ್ಕು ದಿನಕ್ಕೆ ಕೈಬಿಡಲಿ, ನಾಟಕಕ್ಕೆ ಅದರಿಂದ ನಷ್ಟವಿಲ್ಲ.

ಈಗ ಲೆಕ್ಕ ನೋಡಿ. ಕರುಣಾಕರನ ಹತ್ತಿರ ಇರುವುದು ಕಲೆ ಮಾತ್ರ: ಆರೂವರೆಯಿಂದ ಆರು ಗಂಟೆ ಹಿಂದಕ್ಕೆ ಹೋದರೆ ರಾತ್ರಿ ಹನ್ನೆರಡೂವರೆ. ಹತ್ತರ ಸಾಕ್ಷಿ ಬಚಾವ್. ವಸಂತನ ಹತ್ತಿರ ಇರುವುದು ನೀರು ಮಾತ್ರ: ಹೆಚ್ಚೆಂದರೆ ಎರಡೂವರೆಯೊಳಗೆ ಅವಳು ದಂಡೆಯಲ್ಲಿದ್ದಳು. ಆಗಲೂ ಹತ್ತರ ಸಾಕ್ಷಿ ಬಚಾವ್. ಎರಡನ್ನೂ ಒಂದೇ ಕಾಗದದಲ್ಲಿ ಬರೆದರೆ ಎರಡೂವರೆಯಿಂದ ಆರು ಗಂಟೆ ಹಿಂದಕ್ಕೆ, ರಾತ್ರಿ ಎಂಟೂವರೆ. ಹತ್ತು ಗಂಟೆಗೆ ಮಾತಾಡಿದೆ ಅಂದವನು ಸುಳ್ಳು ಹೇಳಿದ್ದಾನೆ. "ಎಂಟು ಇಪ್ಪತ್ತಕ್ಕೆ ಸತ್ತಳು" ಎಂಬಂಥ ಮಾತು ಮಾತ್ರ ಯಾರ ಬಾಯಲ್ಲೂ ಬೇಡ. "ಕನಿಷ್ಠ ಆರು ಗಂಟೆ" ಎನ್ನುವುದೇ ಸರಿ.

ತೆರೆಮರೆ: ಇಬ್ಬರೂ ಇಲ್ಲದೆ ಗಂಟು ಬಿಚ್ಚುವುದಿಲ್ಲ ಅನ್ನುವುದು ಈಗ ಸ್ಪಷ್ಟವಾಯಿತು. ತಂಗಿ ವರದಿ ಕೊಡುವುದು ಕರುಣಾಕರನಿಗೆ. ಹಾಗಾದರೆ ಶವಾಗಾರದ ಅಳುವಿನ ದೃಶ್ಯ ಎಲ್ಲಿಗೆ ಸರಿಸಲಿ?

ಸೊಲ್ಲಾಪುರ ರಂಗ: ಎಲ್ಲಿಗೂ ಸರಿಸಬ್ಯಾಡ್ರಿ, ಕಿತ್ತು ಹಾಕ್ರಿ. ಇಬ್ಬರೂ ಒಂದಾಗೂದು ದುಃಖದಿಂದ ಅಂದ್ರ ಜಗಳಕ್ಕ ಜಾಗಾನ ಉಳಿಯೂದಿಲ್ಲ. ಅದರ ಬದಲಿ ಒಂದು ವ್ಯವಹಾರದ ದೃಶ್ಯ ಬರೀರಿ. ಹೋಟೆಲ್ಲಿನ ಟೇಬಲ್, ಎರಡು ಚಾ. ಒಬ್ಬನ ಕಿಸೇದಾಗ ಪಿಎಂ ವರದಿ, ಇನ್ನೊಬ್ಬನ ಕಿಸೇದಾಗ ಉಬ್ಬರದ ಲೆಕ್ಕ. ಯಾರೂ ಪುಕ್ಕಟೆ ಕೊಡೂದಿಲ್ಲ. ಒಂದು ಪ್ರಶ್ನೆಗೆ ಒಂದು ಉತ್ತರ, ಮತ್ತ ಕೇಳೂ ಪ್ರಶ್ನೆ ಕೊಲೀ ಬಗ್ಗೆ ಅಲ್ಲ. "ಆ ವರ್ಷ ಅಕಿ ನಿನ್ನ ಬಿಟ್ಟು ಹೋಗಿದ್ದು ಯಾಕ?" ಇದು ವಸಂತ ಕೇಳೂ ಬೆಲೆ. ಉತ್ತರ ಸುಳ್ಳಾದ್ರ ಕಾಗದ ಮತ್ತ ಕಿಸೇಕ್ಕ. 12 ನಿಮಿಷ ಕೊಡ್ರಿ ಇದಕ್ಕ, ನಾಟಕದ ನಡುಗಂಬ ಇದ. ಕಾಗದ ಎರಡೂ ಟೇಬಲ್ ಮ್ಯಾಲೆ ಬರೂದು 50ನೇ ನಿಮಿಷದ ನಂತರಾನ.

ಇನ್ನೊಂದು ದೋಷ ಐತಿ, ಅದು ನನಗ ಭಾಳ ಕಾಡತೈತಿ. ನಳಿನಿ ಬರೇ ಶವ ಆಗ್ಯಾಳ. ಇಬ್ಬರೂ ತಮ್ಮ ತಮ್ಮ ನಳಿನಿ ಬಗ್ಗೆ ಮಾತಾಡ್ತಾರ, ಅಕಿ ಎಲ್ಲೂ ಇಲ್ಲ. ರಾತ್ರಿಶಾಲೆಯೊಳಗ ಹೋಟೆಲ್ ಹುಡುಗರಿಗೆ ಅಕ್ಷರ ಕಲಿಸಿದಾಕಿ ಅಂತೀರಿ. ಅಕಿ ಹಾಜರಿ ಪುಸ್ತಕ ತರ್ರಿ. ಯಾರು ಯಾಕ ಬರಲಿಲ್ಲ ಅಂತ ಅಂಚಿನ್ಯಾಗ ಅಕಿ ಬರದಿರಲಿ: "ಜ್ವರ", "ಊರಿಗೆ", "ಶೇಟ್ ಬಿಡಲಿಲ್ಲ". ಆ ಬರವಣಿಗಿ ಇಬ್ಬರಿಗೂ ಹೊಸದು.

ತೆರೆಮರೆ: ಬರೆದು ನೋಡಿದೆ, ವ್ಯವಹಾರದ ದೃಶ್ಯ ನಿಂತಿತು. ಹಾಜರಿ ಪುಸ್ತಕ ಬಂದ ಮೇಲೆ ಇಬ್ಬರ ಮಾತೂ ಕಡಿಮೆಯಾಗಿದೆ. ಒಂದೇ ಉಳಿದದ್ದು: ಕಲೀನಾದ ವರದಿಯನ್ನು ಕೊನೆಯ ತಿರುವಾಗಿ ಇಡಬಹುದೇ?

ಸೂಕ್ಷ್ಮದರ್ಶಿ: ಬೇಡ. ಆ ವರದಿಯಲ್ಲಿ ಇರುವುದು ಡಯಾಟಮ್ ಪರೀಕ್ಷೆ. ಬದುಕಿದ್ದಾಗ ಮುಳುಗಿದರೆ ನೀರಿನ ಆ ಸೂಕ್ಷ್ಮ ಪಾಚಿ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆ ತನಕ ಹೋಗುತ್ತದೆ. ಹೃದಯ ನಿಂತ ಮೇಲೆ ಹೋಗುವ ದಾರಿಯಿಲ್ಲ. ತೊಡೆಮೂಳೆ ಮತ್ತು ದಂಡೆಯ ನೀರಿನ ಮಾದರಿ, ಎರಡನ್ನೂ ಕಳಿಸಬೇಕು. ಮಜ್ಜೆಯಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಮುಳುಗಲಿಲ್ಲ ಎಂದು ಖಚಿತವಾಗಿ ಹೇಳಲೂ ಆಗದು, ಅದು ಉಳಿದ ಸಾಕ್ಷ್ಯಕ್ಕೆ ಒತ್ತು ಕೊಡುತ್ತದೆ ಅಷ್ಟೇ. ಪ್ರೇಕ್ಷಕರಿಗೆ ಆಗಲೇ ಗೊತ್ತಾಗಿರುತ್ತದೆ. ಕಾನ್‌ಸ್ಟೇಬಲ್ ಬಂದು ಒಂದೇ ಸಾಲಿನಲ್ಲಿ ಹೇಳಿ ಹೋಗಲಿ, ಆಗ ಇಬ್ಬರ ಕಣ್ಣೂ ಹಾಜರಿ ಪುಸ್ತಕದ ಮೇಲಿರಲಿ.