ಕೊನೆಗಾಲದ ಇಷ್ಟಾನಿಷ್ಟ: ಡಾಕ್ಟರುಗಳು ಮುಂಚೆಯೇ ಕೇಳುವಂತೆ ಮಾಡುವುದು ಹೇಗೆ?

ಪ್ರಶ್ನೆ: ಗುಣವಾಗದ ಕಾಯಿಲೆಯವರನ್ನು ‘ಮುಂದೆ ನಿಮಗೆ ಏನು ಬೇಕು, ಏನು ಬೇಡ’ ಎಂದು ನಮ್ಮ ವಾರ್ಡಿನ ಡಾಕ್ಟರುಗಳು ಕೇಳುವುದೇ ಇಲ್ಲ. ಉಸಿರು ಕೈಕೊಟ್ಟ ಮೇಲೆ ಮನೆಯವರನ್ನು ಕರೆದು ‘ವೆಂಟಿಲೇಟರ್ ಹಾಕೋಣವಾ?’ ಅನ್ನುತ್ತಾರೆ. ಮೊದಲೇ ಮಾತಾಡುವ ರೂಢಿ ತರುವುದು ಹೇಗೆ? ತಿಳಿದವರು ಹೇಳಿ.

ಪ್ಯಾಲಿಯೇಟಿವ್ ಕೇರ್ (ಗಂಭೀರ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ) ನರ್ಸ್: ಒಂದು ಉಪನ್ಯಾಸ ಮಾಡಿಸಿ ಸುಮ್ಮನಾಗಬೇಡಿ. ಅಮೆರಿಕದ ಐದು ಆಸ್ಪತ್ರೆಗಳಲ್ಲಿ ನಡೆದು 1995ರಲ್ಲಿ ಪ್ರಕಟವಾದ ‘ಸಪೋರ್ಟ್’ ಅಧ್ಯಯನದಲ್ಲಿ ರೋಗಿಯ ಇಷ್ಟವನ್ನೂ ಬದುಕುಳಿಯುವ ಅಂದಾಜನ್ನೂ ಡಾಕ್ಟರಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿದರೂ ಚಿಕಿತ್ಸೆಯ ರೀತಿ ಬದಲಾಗಲಿಲ್ಲ. ವಾರದ ರೌಂಡ್ಸ್‌ನಲ್ಲಿ ಪ್ರತಿ ರೋಗಿಯ ಹೆಸರಿಗೂ ಡಾಕ್ಟರನ್ನು ಕೇಳಿ: ‘ಇವರು ವರ್ಷದೊಳಗೆ ತೀರಿಕೊಂಡರೆ ನಿಮಗೆ ಆಶ್ಚರ್ಯವಾಗುತ್ತದಾ?’ ‘ಇಲ್ಲ’ ಎಂದರೆ, ಯಾರು ಯಾವತ್ತು ಮಾತಾಡುತ್ತಾರೆ ಎಂದು ಅಲ್ಲೇ ಬರೆಯಿರಿ. ಇದರಿಂದ ಆಯುಸ್ಸು ಲೆಕ್ಕ ಹಾಕಲು ಹೋಗಬೇಡಿ. ಕ್ಯಾನ್ಸರ್ ಅಲ್ಲದ ಕಾಯಿಲೆಗಳಲ್ಲಂತೂ ತಪ್ಪುವುದು ಜಾಸ್ತಿ.

ಫಿಸಿಷಿಯನ್: ಎಷ್ಟೋ ಜನಕ್ಕೆ ಮನಸ್ಸಿದೆ, ಮೊದಲ ವಾಕ್ಯ ಸಿಗುವುದಿಲ್ಲ. ಜೇಬಿನಲ್ಲಿ ಹಿಡಿಸುವ ಕಾರ್ಡಿನಲ್ಲಿ ಬರೆದುಕೊಡಿ. ‘ಮುಂದಿನ ವಿಚಾರ ಸ್ವಲ್ಪ ಮಾತಾಡಬಹುದಾ?’ ‘ಕಾಯಿಲೆ ಎಲ್ಲಿಗೆ ಬಂದಿದೆ ಅಂತ ನಿಮಗನಿಸುತ್ತದೆ?’ ‘ಎಷ್ಟು ವಿವರವಾಗಿ ಹೇಳಲಿ?’ ಇಷ್ಟಾದ ಮೇಲೆ ಇರುವ ವಿಷಯವನ್ನು ಎರಡು ವಾಕ್ಯದಲ್ಲಿ ಹೇಳಿ ಬಾಯಿ ಮುಚ್ಚಬೇಕು. ಎಡವುವುದೇ ಇಲ್ಲಿ. ಮೌನ ತಡೆಯಲಾರದೆ ಡಾಕ್ಟರು ರಕ್ತಪರೀಕ್ಷೆಯ ಅಂಕಿ ಒದರಲು ಶುರುಮಾಡುತ್ತಾರೆ. ಕಣ್ಣು ತುಂಬಿಕೊಂಡವರ ಕಿವಿಗೆ ಅದೊಂದೂ ಬೀಳುವುದಿಲ್ಲ. ಸುಧಾರಿಸಿಕೊಂಡ ಮೇಲೆ ಕೇಳಿ: ‘ಕಾಯಿಲೆ ಜಾಸ್ತಿಯಾದರೆ ನಿಮಗೆ ಯಾವುದು ಮುಖ್ಯ? ಇನ್ನಷ್ಟು ದಿನ ಸಿಗಲಿ ಅಂತ ಎಷ್ಟು ಕಷ್ಟ ಪಡಲು ತಯಾರಿದ್ದೀರಿ?’ ‘ಎಲ್ಲಾ ಪ್ರಯತ್ನ ಮಾಡೋಣವಾ?’ ಎಂದು ಮಾತ್ರ ಬೇಡ. ಅದಕ್ಕೆ ಬೇಡ ಅನ್ನುವವರು ಯಾರಿದ್ದಾರೆ!

ಕ್ಯಾನ್ಸರ್ ವಿಭಾಗದವರು: ‘ಹೇಳಿದರೆ ಧೈರ್ಯಗೆಡುತ್ತಾರೆ’ ಎಂಬ ಆಕ್ಷೇಪ ಬಂದೇ ಬರುತ್ತದೆ. 2010ರ ಅಧ್ಯಯನವೊಂದನ್ನು ಮುಂದಿಡಿ: ಹರಡಿದ ಶ್ವಾಸಕೋಶದ ಕ್ಯಾನ್ಸರಿನವರಲ್ಲಿ ಶುರುವಿನಿಂದಲೇ ಪ್ಯಾಲಿಯೇಟಿವ್ ಆರೈಕೆಯೂ ಸಿಕ್ಕವರ ಆಯುಸ್ಸಿನ ಮಧ್ಯಾಂಕ (ಅರ್ಧದಷ್ಟು ಜನ ಬದುಕಿದ್ದ ಅವಧಿ) 11.6 ತಿಂಗಳು, ಉಳಿದವರದು 8.9. ಖಿನ್ನತೆಯೂ ಕಡಿಮೆಯಿತ್ತು. ಅದು ಬರೀ ಮಾತಿನ ಫಲವಲ್ಲ, ಒಟ್ಟು ಆರೈಕೆಯದು. ಹಾಗೆಂದು ಹೇಳಿಯೇ ತೋರಿಸಿ.

ಐಸಿಯು ಡಾಕ್ಟರ್: ಹಗಲು ಆಡಿದ ಮಾತು ರಾತ್ರಿ ಡ್ಯೂಟಿಯವರಿಗೆ ಸಿಗದಿದ್ದರೆ ದಂಡ. ಫೈಲಿನ ಮೊದಲ ಹಾಳೆಯಲ್ಲೇ ರೋಗಿ ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಿರಿ; ಅವರ ಪರವಾಗಿ ಮಾತಾಡುವವರ ಹೆಸರು, ಫೋನ್ ನಂಬರ್, ತಾರೀಕು ಇರಲಿ. ರೋಗಿ ಮನಸ್ಸು ಬದಲಾಯಿಸಬಹುದು, ಹಾಗಾಗಿ ಪ್ರತಿ ಸಲ ಅಡ್ಮಿಟ್ ಆದಾಗಲೂ ಮತ್ತೆ ಕೇಳಿ. ವೆಂಟಿಲೇಟರ್ ಬೇಕೋ ಬೇಡವೋ ತೀರ್ಮಾನವಾಗದಿದ್ದರೆ ಗಡುವು ಹಾಕಿಕೊಂಡು ಶುರುಮಾಡಿ: ಮೂರು ದಿನವೋ ಐದು ದಿನವೋ, ಏನು ಸುಧಾರಿಸಿದರೆ ಮುಂದುವರಿಸುವುದು, ಸುಧಾರಿಸದಿದ್ದರೆ ಏನು ಮಾಡುವುದು. ಇದು ಟ್ಯೂಬ್ ಹಾಕುವ ಮೊದಲೇ ಮನೆಯವರಿಗೆ ಗೊತ್ತಿರಬೇಕು.