ಸಹಾಯ ಬೇಕು: ಬಾಲ್ ಪೈಥಾನ್ ಹಾವು ಇಲಿ ಮುಟ್ತಿಲ್ಲ, ಹೀಟ್ ಮ್ಯಾಟ್ ಲೆಕ್ಕಕ್ಕೆ ಸಿಗ್ತಿಲ್ಲ

ನಾವಿರೋದು ಅಮೆರಿಕದ ಮಿನೆಸೋಟಾದಲ್ಲಿ. ಹೊರಗೆ ಹಿಮ, ಮನೆಯೊಳಗೆ 20 ಡಿಗ್ರಿ ಸೆಲ್ಸಿಯಸ್ ದಾಟಲ್ಲ. ಮಗಳು ಸಾಕಿರೋ ಬಾಲ್ ಪೈಥಾನ್ (ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ!) ಚಳಿ ಶುರುವಾದಾಗಿಂದ ಊಟ ಬಿಟ್ಟಿದೆ.

ಗಾಜಿನ ತೊಟ್ಟಿಯ ಒಂದು ಬದಿ 32, ಇನ್ನೊಂದು ಬದಿ 25–26 ಇರ್ಬೇಕು ಅಂತ ಗೊತ್ತು. ಕೆಳಗೆ ಹೀಟ್ ಮ್ಯಾಟ್ (ಕರೆಂಟಲ್ಲಿ ಬಿಸಿಯಾಗೋ ಹಾಳೆ) ಅಂಟಿಸಿ, ಅದರ ಬಿಸಿ ಹತೋಟಿಯಲ್ಲಿಡೋ ಥರ್ಮೋಸ್ಟಾಟ್ 32ಕ್ಕೆ ಇಟ್ಟಿದೀನಿ. ಥರ್ಮೋಸ್ಟಾಟ್‌ನ ಪ್ರೋಬ್ (ಶಾಖ ಅಳೆಯೋ ತುದಿ) ತೊಟ್ಟಿಯೊಳಗೆ ಹಾಸಿರೋ ತೆಂಗಿನ ನಾರಿನ ಪುಡಿ ಮೇಲಿದ್ರೆ, ಪುಡಿ ಸರಿಸಿ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದಾಗ ಗಾಜು 41 ತೋರಿಸುತ್ತೆ. ಹಾವು ಅಡಿಗೆ ತೂರಿದ್ರೆ ಹೊಟ್ಟೆ ಸುಟ್ಕೊಳ್ಳುತ್ತೆ. ಪ್ರೋಬನ್ನ ಮ್ಯಾಟ್‌ಗೂ ಗಾಜಿಗೂ ಮಧ್ಯೆ ಇಟ್ರೆ ಪುಡಿ ಮೇಲೆ 27 ದಾಟಲ್ಲ, ತೊಟ್ಟಿಯೊಳಗಿನ ಗಾಳಿಯಂತೂ ತಣ್ಣಗೇ.

ಫ್ರೀಜರ್ ಇಲಿಯನ್ನ ಕರಗಿಸಿ, ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಚಿಮುಟದಲ್ಲಿ ಆಡಿಸಿ ನೋಡಿದೆ. ನಾಲಿಗೆ ಚಾಚುತ್ತೆ, ಆಮೇಲೆ ಕತ್ತು ಹಿಂದಕ್ಕೆಳ್ಕೊಂಡು ಗೂಡು ಸೇರುತ್ತೆ. ತೂಕ ಇಳಿದಿಲ್ಲ. ಚಳಿಗಾಲದಲ್ಲಿ ಈ ಜಾತಿ ಉಪವಾಸ ಕೂರೋದು ಮಾಮೂಲಿ ಅನ್ನೋದೂ ಗೊತ್ತು, ಆದ್ರೂ ಮಗಳ ಮುಖ ನೋಡಕ್ಕಾಗ್ತಿಲ್ಲ.

ಸಾಕಿದವರು ಹೇಳಿ: ಪ್ರೋಬ್ ಗಾಜಿನ ಹತ್ರಾನೇ ಬಿಟ್ಟು, ಮೇಲಿಂದ ಸೆರಾಮಿಕ್ ಹೀಟರನ್ನ (ಬೆಳಕಿಲ್ಲದೆ ಬಿಸಿ ಮಾತ್ರ ಕೊಡೋದು) ಬೇರೆ ಥರ್ಮೋಸ್ಟಾಟ್‌ನಲ್ಲಿ ಹಾಕ್ಲಾ? ಶಾಖ ಸರಿಹೋಗೋವರೆಗೆ ಇಲಿ ಕೊಡೋದು ನಿಲ್ಲಿಸ್ಬೇಕಾ, ಇಲ್ಲಾ ವಾರಕ್ಕೊಮ್ಮೆ ಇಡ್ತಾನೇ ಇರ್ಬೇಕಾ?