ಓದುಗರ ಸ್ಪಂದನ: ‘ಹೊಟ್ಟೆಯ ಭಯಕ್ಕೆ ಮನೆಯಿಂದ ಹೊರಡುವುದೇ ಕಷ್ಟವಾಗಿದೆ’

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ 42 ವರ್ಷದ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತೊಂದರೆಯನ್ನು ಹೇಳಿಕೊಂಡಿದ್ದರು. ಬೆಳಗಾದರೆ ಹೊಟ್ಟೆ ನುಲಿತ, ನಾಲ್ಕೈದು ಬಾರಿ ಶೌಚ, ಪರೀಕ್ಷೆಗಳೆಲ್ಲ ‘ನಾರ್ಮಲ್’. ಅವರಿಗೆ ಬಂದ ಪತ್ರಗಳಲ್ಲಿ ಮೂರು ಇಲ್ಲಿವೆ.

ಸಹೋದರಿ,

ತಂಗಿಯ ಮಗಳ ಧಾರೆಗೆ ಹೋಗದೆ, ಜ್ವರವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ ಎಂದು ನೀವು ಬರೆದ ಸಾಲನ್ನು ಓದಿ, ಪತ್ರಿಕೆ ಮಡಿಸಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಂಥ ಸುಳ್ಳುಗಳನ್ನು ನಾನು ಇಪ್ಪತ್ತು ವರ್ಷ ಹೇಳಿದ್ದೇನೆ. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೊಠಡಿ ಮೇಲ್ವಿಚಾರಣೆಯ ಆದೇಶ ಕೈಗೆ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ಮೂರು ಗಂಟೆ ಕೊಠಡಿ ಬಿಟ್ಟು ಕದಲುವಂತಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದಿನ ರಾತ್ರಿಯ ಊಟವನ್ನೇ ಬಿಡುತ್ತಿದ್ದೆ. ಆದರೂ ಉತ್ತರಪತ್ರಿಕೆ ಹಂಚಿ ಮುಗಿಯುವ ಹೊತ್ತಿಗೆ ಹೊಟ್ಟೆಯೊಳಗೆ ಗುಡುಗು ಶುರುವಾಗಿ, ಮೇಜಿನ ಅಂಚನ್ನು ಹಿಡಿದು ನಿಂತುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ.

ಜಿಲ್ಲಾ ಕೇಂದ್ರದ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಕೊಲೊನೊಸ್ಕೋಪಿ ಮಾಡಿಸಿದಾಗ, ‘ನಿಮಗೇನೂ ಇಲ್ಲ, ಸುಮ್ಮನೆ ಯೋಚನೆ ಮಾಡಬೇಡಿ’ ಎಂದು ಎರಡು ನಿಮಿಷದಲ್ಲಿ ಹೇಳಿ ಕಳುಹಿಸಿದರು. ಆ ಮಾತಿನಿಂದ ಸಮಾಧಾನವಾಗಬೇಕಿತ್ತು; ನನಗೆ ಅವಮಾನವಾಯಿತು. ನಂತರ ನಮ್ಮ ತಾಲ್ಲೂಕಿನ ವೈದ್ಯರೊಬ್ಬರು, ದಿನಕ್ಕೆ ಎಷ್ಟು ಸಲ ಹೋಗುತ್ತೀರಿ ಎಂದು ಕೇಳುವ ಮೊದಲು, ‘ಈ ತೊಂದರೆಯಿಂದ ಏನೇನು ಬಿಟ್ಟಿದ್ದೀರಿ, ಮೇಷ್ಟ್ರೇ?’ ಎಂದು ಕೇಳಿದರು. ಮದುವೆ, ಪ್ರವಾಸ, ನಾಟಕ, ಮಗನ ಕಾಲೇಜಿನ ಸಮಾರಂಭ ಎಂದು ಹೇಳುತ್ತಾ ಹೋದಂತೆ, ಅಷ್ಟೊಂದನ್ನು ಬಿಟ್ಟಿದ್ದೇನೆಂದು ನನಗೇ ಮೊದಲ ಬಾರಿಗೆ ತಿಳಿಯಿತು. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕೆರಳುವ ಕರುಳಿನ ತೊಂದರೆ) ಎಂಬ ಹೆಸರನ್ನು ಅವರಿಂದಲೇ ಕೇಳಿದ್ದು. ಕೊಲೊನೊಸ್ಕೋಪಿಯಲ್ಲಿ ಕಾಣುವುದು ಕರುಳಿನ ಒಳಗೋಡೆ ಮಾತ್ರ. ಕರುಳು ಎಷ್ಟು ಬಿರುಸಾಗಿ ಹಿಂಡುತ್ತದೆ, ಕರುಳಿಗೂ ಮಿದುಳಿಗೂ ನಡುವಿನ ನರಗಳು ಸಣ್ಣ ಉಬ್ಬರವನ್ನೂ ನೋವೆಂದು ಹೇಗೆ ಸಾರುತ್ತವೆ ಎಂಬುದು ಅದರಲ್ಲಿ ಕಾಣಿಸದು ಎಂದು ಅವರು ಬಿಡಿಸಿ ಹೇಳಿದರು. ಭಾರತವೂ ಸೇರಿದಂತೆ 33 ದೇಶಗಳ 73,000ಕ್ಕೂ ಹೆಚ್ಚು ಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ರೋಮ್ ಫೌಂಡೇಶನ್ ಎಂಬ, ಇಂಥ ತೊಂದರೆಗಳನ್ನು ಅಧ್ಯಯನ ಮಾಡುವ ಸಂಸ್ಥೆಯ ವರದಿಯ ಪ್ರಕಾರ, ಇಂಟರ್ನೆಟ್‌ನಲ್ಲಿ ಉತ್ತರಿಸಿದವರಲ್ಲಿ ನೂರಕ್ಕೆ ನಲವತ್ತರಷ್ಟು, ಮನೆಗೆ ಹೋಗಿ ಕೇಳಿದವರಲ್ಲಿ ನೂರಕ್ಕೆ ಇಪ್ಪತ್ತರಷ್ಟು ಮಂದಿಗೆ ಜೀರ್ಣಾಂಗದ ಇಂಥ ಯಾವುದಾದರೊಂದು ತೊಂದರೆಯಿದೆ, ಮತ್ತು ಅದಿರುವವರ ಜೀವನದ ಗುಣಮಟ್ಟ ಇಲ್ಲದವರಿಗಿಂತ ಕೆಳಗಿದೆ. ನೀವು ಹತ್ತುವ ಬೋಗಿಯಲ್ಲೇ ಎಷ್ಟು ಜನ ಇದನ್ನು ಅದುಮಿಕೊಂಡು ಕುಳಿತಿದ್ದಾರೋ ಯೋಚಿಸಿ.

ಆ ವೈದ್ಯರು ನನ್ನಿಂದ ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಬರೆಸಿದರು. ಎದ್ದ ಹೊತ್ತು, ತಿಂದದ್ದು, ಕುಡಿದದ್ದು, ಶೌಚಕ್ಕೆ ಹೋದ ಹೊತ್ತು, ಮಲದ ರೂಪ, ನೋವು ಎಷ್ಟಿತ್ತು, ಆ ದಿನ ಏನನ್ನು ಕೈಬಿಟ್ಟೆ, ಇವಿಷ್ಟು ಅಂಕಣಗಳು. ಮಲದ ರೂಪವನ್ನು ವರ್ಣಿಸಲು ನಾಚಿಕೆಯೆನಿಸಿದರೆ 1997ರಲ್ಲಿ ಪ್ರಕಟವಾದ ಬ್ರಿಸ್ಟಲ್ ಅಳತೆಪಟ್ಟಿಯ ಏಳು ಚಿತ್ರಗಳಲ್ಲಿ ಒಂದರ ಸಂಖ್ಯೆ ಬರೆದರೆ ಸಾಕು. ಆಡುಹಿಕ್ಕೆಯಂತಿದ್ದರೆ ಒಂದು, ಪೂರಾ ನೀರಾಗಿದ್ದರೆ ಏಳು. ಮೂರು, ನಾಲ್ಕು ಸರಿಯಾದ ಸ್ಥಿತಿ. ನನ್ನ ನೋಟ್‌ಬುಕ್ಕಿನಲ್ಲಿ ಎದ್ದು ಕಂಡದ್ದು ಬೆಳಗಿನ ಎರಡು ದೊಡ್ಡ ಲೋಟ ಹಾಲಿನ ಕಾಫಿ. ಹೊಟ್ಟೆಗೆ ಏನಾದರೂ ಬಿದ್ದೊಡನೆ ದೊಡ್ಡ ಕರುಳು ಹಿಂಡತೊಡಗುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ. ಬೆಳಿಗ್ಗೆ ಅದು ಜೋರಾಗಿರುತ್ತದೆ, ಕಾಫಿ ಅದನ್ನು ಇನ್ನಷ್ಟು ಕೆಣಕುತ್ತದೆ. ಕಾಫಿಯನ್ನು ಅರ್ಧ ಲೋಟಕ್ಕಿಳಿಸಿ, ಒಂದು ಗಂಟೆ ಮೊದಲೇ ಎದ್ದು, ಹೊರಡುವ ಗಡಿಬಿಡಿಗೂ ಶೌಚಕ್ಕೂ ಅಂತರವಿಟ್ಟ ಮೇಲೆ ನನ್ನ ಬೆಳಗಿನ ಐದು ಸಲ ಎರಡಾಯಿತು. ನೀವು ತಿಂಡಿ ತಿನ್ನದೆ ರೈಲು ಹತ್ತುತ್ತೇನೆಂದು ಬರೆದಿದ್ದೀರಿ. ನಾನೂ ಹಾಗೆ ಮಾಡುತ್ತಿದ್ದೆ. ಖಾಲಿ ಹೊಟ್ಟೆಗೆ ಮಧ್ಯಾಹ್ನ ಒಮ್ಮೆಲೇ ಬೀಳುವ ಊಟ ಆಫೀಸಿನಲ್ಲೇ ಕಾಡಿಸುತ್ತದೆ. ಒಂದೆರಡು ಇಡ್ಲಿಯನ್ನಾದರೂ ಮನೆಯಲ್ಲೇ ತಿಂದು ಹೊರಡಿ.

ಹಾಲು, ಗೋಧಿ, ಈರುಳ್ಳಿ, ಬೆಳ್ಳುಳ್ಳಿ, ಬೇಳೆಕಾಳುಗಳಲ್ಲಿರುವ ಕೆಲವು ಸಕ್ಕರೆಯಂಶಗಳು ಕರುಳಿನಲ್ಲಿ ಹುದುಗಿ ವಾಯು ಮಾಡುತ್ತವೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ಇದರ ಆಧಾರದ ಮೇಲೆ ರೂಪಿಸಿದ ಪಥ್ಯ ಹಲವರಿಗೆ ಗುಣ ಕೊಟ್ಟಿದೆ. ಆದರೆ ಅದು ಕೆಲವು ವಾರಗಳ ಪಥ್ಯ. ಆಮೇಲೆ ಒಂದೊಂದನ್ನೇ ಮರಳಿ ತಿಂದು ಯಾವುದು ಆಗಿಬರುವುದಿಲ್ಲವೆಂದು ಕಂಡುಕೊಳ್ಳಬೇಕು. ನಮ್ಮಲ್ಲಿ ಅನೇಕರು ಮೊದಲರ್ಧವನ್ನು ಮಾತ್ರ ಮಾಡಿ, ಸಾರು ಅನ್ನಕ್ಕಿಳಿದು ಸೊರಗಿಬಿಡುತ್ತಾರೆ. ಪಥ್ಯತಜ್ಞರನ್ನು ಕೇಳದೆ ಶುರುಮಾಡಬೇಡಿ.

ಇಷ್ಟಾದರೂ ನನಗೆ ಪೂರ್ತಿ ವಾಸಿಯಾಗಿಲ್ಲ. ಆದರೆ ಕಳೆದ ವೈಶಾಖದಲ್ಲಿ ಮೊಮ್ಮಗನ ಉಪನಯನದಲ್ಲಿ ಬೆಳಗಿನಿಂದ ಊಟದ ಪಂಕ್ತಿಯವರೆಗೂ ಇದ್ದೆ.

ನಿವೃತ್ತ ಶಿಕ್ಷಕ, ಚಿಕ್ಕಮಗಳೂರು ಜಿಲ್ಲೆ

ಅಕ್ಕಾ,

ನಿಮ್ಮ ಪತ್ರದ ಕೊನೆಯಲ್ಲಿ ಆವರಣದೊಳಗೆ ಒಂದು ಸಾಲಿತ್ತು: ಎರಡನೆಯ ಹೆರಿಗೆಯ ನಂತರ ಒಮ್ಮೊಮ್ಮೆ ತಡೆದುಕೊಳ್ಳಲಾಗದೆ ಬಟ್ಟೆ ಕೆಡುತ್ತದೆ. ನಾನು ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ದುಡಿದ ನರ್ಸ್. ಹೆಂಗಸರು ಈ ಮಾತನ್ನು ಆಡುವುದೇ ಹೀಗೆ. ಬೇರೆ ಯಾವುದಕ್ಕೋ ಬಂದು, ಚೀಟಿ ತೆಗೆದುಕೊಂಡು, ಬಾಗಿಲ ಹಿಡಿಗೆ ಕೈಯಿಟ್ಟ ಮೇಲೆ, ಮುಖ ಆ ಕಡೆ ತಿರುಗಿಸಿಕೊಂಡೇ ಹೇಳುತ್ತಾರೆ. ನೀವು ಇದನ್ನು ಡಾಕ್ಟರಿಗೆ ಹೇಳಿರಲಾರಿರಿ ಎಂದುಕೊಂಡೇ ಬರೆಯುತ್ತಿದ್ದೇನೆ.

ಗುದದ್ವಾರವನ್ನು ಮುಚ್ಚಿಡುವ ಸ್ನಾಯುಗಳು ಎರಡು. ಒಳಗಿನದು ತಾನಾಗಿಯೇ ಬಿಗಿಯಾಗಿರುತ್ತದೆ, ಹೊರಗಿನದು ನಮ್ಮ ಇಚ್ಛೆಯಂತೆ ನಡೆಯುತ್ತದೆ. ಮಗು ದಪ್ಪವಾಗಿದ್ದಾಗ, ಇಕ್ಕಳ ಹಾಕಿ ಹೆರಿಗೆ ಮಾಡಿಸಿದಾಗ ಆಗುವ ಸೀಳು ಈ ಸ್ನಾಯುವಿನವರೆಗೂ ಹೋಗಿರಬಹುದು. ಆಗ ಕಾಣದ ದೋಷ ಎಷ್ಟೋ ವರ್ಷಗಳ ನಂತರ, ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಭೇದಿಯೂ ಜೊತೆಗಿದ್ದರೆ ಸೋರುವುದು ಹೆಚ್ಚು. ಆದ್ದರಿಂದ ನಿಮಗಿರುವುದು ಒಂದೇ ತೊಂದರೆಯಲ್ಲ, ಎರಡಿರಬಹುದು, ಎರಡಕ್ಕೂ ಚಿಕಿತ್ಸೆಯಿದೆ. ವಾಯು ಹೊರಹೋಗದಂತೆ ಹಿಡಿಯುವಾಗ ಯಾವ ಸ್ನಾಯುವನ್ನು ಬಿಗಿಯುತ್ತೀರೋ ಅದನ್ನೇ ಐದು ಎಣಿಸುವವರೆಗೆ ಬಿಗಿದು, ಅಷ್ಟೇ ಹೊತ್ತು ಸಡಿಲಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ತೊಡೆಯನ್ನು ಬಿಗಿಯಬಾರದು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಿದರೆ ಮಾತ್ರ ಗುಣ ಗೊತ್ತಾಗುತ್ತದೆ. ಸರಿಯಾದ ಸ್ನಾಯುವನ್ನೇ ಬಿಗಿಯುತ್ತಿದ್ದೀರೋ ಇಲ್ಲವೋ ಎಂದು ಫಿಸಿಯೊಥೆರಪಿಸ್ಟ್ ತೋರಿಸಿಕೊಡುತ್ತಾರೆ. ಅಗತ್ಯವಿದ್ದರೆ ಆ ಸ್ನಾಯುವಿನ ಸ್ಕ್ಯಾನಿಂಗ್ ಮಾಡಿಸುತ್ತಾರೆ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಹಿಮೋಗ್ಲೋಬಿನ್ ಇಳಿಕೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಇವುಗಳಲ್ಲಿ ಒಂದಿದ್ದರೂ ಹಳೆಯ ‘ನಾರ್ಮಲ್’ ರಿಪೋರ್ಟನ್ನು ನಂಬಿ ಕೂರಬೇಡಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಅದನ್ನೂ ಹೇಳಿ. ಕೆಲವರಿಗೆ ಅದರಿಂದಲೇ ಭೇದಿಯಾಗುತ್ತದೆ. ಮುಂದಿನ ಸಲ ಡಾಕ್ಟರ ಮುಂದೆ ಕುಳಿತಾಗ ಆವರಣದೊಳಗಿನ ಸಾಲನ್ನು ಮೊದಲ ಮಾತಾಗಿ ಹೇಳಿಬಿಡಿ. ಬಾಯಿ ಬರದಿದ್ದರೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ.

ಒಬ್ಬ ನರ್ಸ್, ಮೈಸೂರು

ಮೇಡಂ,

ಅದೇ ಮಾರ್ಗದಲ್ಲಿ ದಿನವೂ ಓಡಾಡುವವಳು ನಾನು. ಓಖಿಲ್ ಚಂದ್ರ ಸೇನ್ ಎಂಬವರು 1909ರಲ್ಲಿ ಬಂಗಾಳದಿಂದ ರೈಲ್ವೆ ಕಚೇರಿಗೆ ಬರೆದ ಪತ್ರವೊಂದು ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿ ನಿಲ್ದಾಣದಲ್ಲಿ ಶೌಚಕ್ಕೆ ಇಳಿದಾಗ ಗಾರ್ಡ್ ಸೀಟಿ ಊದಿದ್ದರಿಂದ, ಅವರು ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ ಬಿದ್ದ ಕಥೆ ಅದು. ಅವರ ಇಂಗ್ಲಿಷನ್ನು ನೋಡಿ ನಗುವುದಕ್ಕೆಂದು ವಾಟ್ಸಾಪಿನಲ್ಲಿ ಈಗಲೂ ಕಳುಹಿಸುತ್ತಾರೆ. ಪ್ಲಾಟ್‌ಫಾರಂ ತುಂಬಾ ಜನರೆದುರು ಬಿದ್ದೆ ಎಂದು ಅವರು ಬರೆದದ್ದನ್ನು ಓದಿದರೆ ನನಗೆ ನಗು ಬರುವುದಿಲ್ಲ. ಆ ಗಾರ್ಡಿಗೆ ದಂಡ ಹಾಕಿ ಎಂದು ಕೇಳಬೇಕೆಂದರೆ ಒಬ್ಬ ಮನುಷ್ಯ ಅಷ್ಟನ್ನು ಬಿಚ್ಚಿ ಹೇಳಬೇಕಾಯಿತಲ್ಲ ಎನಿಸುತ್ತದೆ.

ನಮ್ಮ ಮಹಿಳಾ ಬೋಗಿಯಲ್ಲಿ ಶೌಚಾಲಯದ ಹತ್ತಿರದ ಸೀಟನ್ನು ಗರ್ಭಿಣಿಯರಿಗೆ ಬಿಟ್ಟುಕೊಡುವುದು ಮೊದಲಿನಿಂದಲೂ ರೂಢಿ. ನಿಮ್ಮ ಪತ್ರವನ್ನು ನಾಲ್ಕು ಜನ ಒಟ್ಟಿಗೆ ಓದಿದೆವು. ಬೆಳಗಿನ ಗಾಡಿಗೆ ಹತ್ತಿದಾಗ ಆ ಸೀಟು ಬೇಕೆಂದು ಕೇಳಿ ನೋಡಿ, ಕಾರಣವನ್ನು ಯಾರೂ ಕೇಳುವುದಿಲ್ಲ.

ದಿನದ ಪ್ರಯಾಣಿಕಳು, ತುಮಕೂರು